ದಾಕ್ಷಿಣ್ಯ

ಕನ್ನಡದಲ್ಲಿ ದಾಕ್ಷಿಣ್ಯವೆಂಬ ಶಬ್ದದಷ್ಟು ದಿನಬಳಕೆಯಲ್ಲಿದ್ದು, ಅದರಷ್ಟೇ ಇಬ್ಬಗೆಯಾದ ಭಾವವನ್ನು ಹೊತ್ತಿರುವ ಶಬ್ದಗಳು ಬಹಳವಿರಲಾರವು. 'ಆತನಿಗೆ ದಯೆಯಿಲ್ಲ, ದಾಕ್ಷಿಣ್ಯವಿಲ್ಲ' ಎಂದರೆ ಅದು ನಿಂದೆ. 'ಆತನು ದಾಕ್ಷಿಣ್ಯದ ಪ್ರಾಣಿ' ಎಂದರೆ ಹೊಗಳಿಕೆಯೋ ತೆಗಳಿಕೆಯೋ ತಿಳಿಯುವಂತಿಲ್ಲ. ಹೇಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. 'ದಾಕ್ಷಿಣ್ಯಕ್ಕೆ ಸಿಕ್ಕಿ ಕೆಟ್ಟನು' ಎಂಬಲ್ಲಿ ಕನಿಕರವಿದೆ. 'ನಿರ್ದಾಕ್ಷಿಣ್ಯವಾದ ಕ್ರಮವನ್ನು ಕೈಕೊಳ್ಳಲಾಗುವುದು' ಎಂದು ಅಧಿಕಾರಿಗಳು ಪ್ರಕಟಿಸಿದರೆ ಪತ್ರಿಕೆಯನ್ನೋದುವವರು ಮೆಚ್ಚಿಕೊಳ್ಳುತ್ತಾರೆ. ಇಲ್ಲದಿದ್ದರೆ ದೋಷವೆನಿಸುವ, ಇದ್ದರೆ ಕೇಡಿಗೆ ದಾರಿಯಾಗುವ, ಬಿಟ್ಟೆನೆಂದು ಸಾರಿದರೆ ಶೌರ್ಯವೆನಿಸುವ ಈ ವಸ್ತುವು ಗುಣವೇ, ಅಥವಾ ಮನಸ್ಸಿನ ದುರ್ಬಲತೆಗೆ ಇಟ್ಟ ಮರ್ಯಾದೆಯ ಹೆಸರೇ ಎಂಬುದು ವಿಚಾರಿಸತಕ್ಕ ವಿಷಯವಾಗಿದೆ.

ಶಬ್ದದ ಮೂಲವು ಸಂಸ್ಕೃತ. ದಕ್ಷಿಣವೆಂದರೆ ಬಲಗಡೆ. ಮೂಡಲಿಗೆ ಮುಖಮಾಡಿ ನಿಂತವನ ಬಲಗೈಯ ಕಡೆಗೆ ತೆಂಕಣ ದಿಕ್ಕು ಬರುವುದರಿಂದ ಆ ದಿಕ್ಕಿಗೂ ಅದೇ ಹೆಸರಾಯಿತು. ಬಲಗೈ ಚುರುಕಾದ ಕೈ. ಆದುದರಿಂದ ದಕ್ಷಿಣನೆಂದರೆ ಕುಶಲನು, ಸಮರ್ಥನು. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆ. ಯಜ್ಞವನ್ನು ನಡೆಯಿಸಿಕೊಟ್ಟ ಋತ್ವಿಜನಿಗೆ ಸಲ್ಲತಕ್ಕದ್ದು ದಕ್ಷಿಣೆ. ಲ್ಯಾಟಿನ್ ಭಾಷೆಯ ದೆಕ್ಸ್ತೆರ್, ಗ್ರೀಕರ ದೆಕ್ಸಿಯೋಸ್ ಎಂಬ ಶಬ್ದಗಳು ಇದರ ದಾಯಾದಿಗಳೇ. ಅಲ್ಲಿಯೂ ಬಲಗೈಯಿಂದ ಹೊರಟ ಅರ್ಥವು ಕೈಚಳಕದವರೆಗೆ ಬಂದಿತು. ಸಂಸ್ಕೃತದಲ್ಲಿ ಈ ಕೈಯ ಕುಶಲತೆಯು ನಡತೆಯ ಕುಶಲತೆಯಾಗಿ, ಇನ್ನೊಬ್ಬರ ಮನಸ್ಸನ್ನು ಮುರಿಯದೆ ನಡೆದುಕೊಳ್ಳುವ ಸೌಜನ್ಯವಾಗಿ ಬೆಳೆಯಿತು. ಇಲ್ಲಿ ಗಮನಿಸಬೇಕಾದುದೇನೆಂದರೆ, ದಾಕ್ಷಿಣ್ಯವು ಮೊದಲಿನಲ್ಲಿ ಬಲವುಳ್ಳವನ ಗುಣ. ಕೊಡಬಲ್ಲವನು, ಬೇಡವೆನ್ನಲು ಶಕ್ತನಾದವನು, ಎದುರಿನವನ ಮೇಲಣ ಆದರದಿಂದ ತಾನಾಗಿ ಬಾಗುವುದೇ ದಾಕ್ಷಿಣ್ಯವಾಗಿತ್ತು.

ನಾಟ್ಯಶಾಸ್ತ್ರಕಾರರು ಈ ಶಬ್ದವನ್ನು ಇನ್ನೊಂದು ಕಡೆಗೆ ಎಳೆದರು. ಹತ್ತನೆಯ ಶತಮಾನದಲ್ಲಿ ಮಾಳವದ ಮುಂಜರಾಜನ ಆಶ್ರಯದಲ್ಲಿದ್ದ ಧನಂಜಯನು ತನ್ನ ದಶರೂಪಕದಲ್ಲಿ ನಾಯಕರನ್ನು ದಕ್ಷಿಣ, ಶಠ, ಧೃಷ್ಟ, ಅನುಕೂಲ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿರುವನು. ಹೊಸಬಳಲ್ಲಿ ಮನಸ್ಸಿಟ್ಟರೂ ಹಳಬಳಲ್ಲಿ ಪ್ರೀತಿಯ ನಡತೆಯನ್ನು ಬಿಡದವನು ದಕ್ಷಿಣನಾಯಕ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ರಾಜನು ರಾಣಿಯ ಎದುರಿಗೆ ಅಂಜಿ ನಿಲ್ಲುವುದನ್ನು ಮಾಲವಿಕೆಯು ಎತ್ತಿ ಆಡಿದಾಗ, ದಾಕ್ಷಿಣ್ಯವೆಂಬುದು ತನ್ನ ವಂಶದವರ ಕುಲವ್ರತವೆಂದು ಅಗ್ನಿಮಿತ್ರನು ಉತ್ತರ ಕೊಡುತ್ತಾನೆ. ಉತ್ತರವು ಚಮತ್ಕಾರವಾದುದು, ಸಂದೇಹವಿಲ್ಲ. ಆದರೆ ಅಂತಃಪುರದಲ್ಲಿ ಆ ವ್ರತದ ಖರ್ಚನ್ನು ಹೊತ್ತವರು ಯಾರು ಎಂದು ವಿಚಾರಿಸಿದರೆ ಅರಸನ ಹೆಸರು ಬರುವುದಿಲ್ಲ. ಹಳಬಳಿಗೆ ದೊರೆತದ್ದು ಒಳ್ಳೆಯ ಮಾತು. ಹೊಸಬಳಿಗೆ ದೊರೆತದ್ದು ಕಾಯುವಿಕೆ.

ಕನ್ನಡಕ್ಕೆ ಬಂದ ಮೇಲೆ ಶಬ್ದದ ಭಾರವು ಮತ್ತೊಂದು ಮಗ್ಗುಲಿಗೆ ಸರಿಯಿತು. ಮರಾಠಿಯಲ್ಲಿ ದಾಕ್ಷಿಣ್ಯವು ಇಂದಿಗೂ ಬಹುಮಟ್ಟಿಗೆ ಗೌರವದ ಶಬ್ದವೇ. ಸ್ತ್ರೀಯರನ್ನು ಆದರದಿಂದ ಕಾಣುವುದಕ್ಕೆ ಅಲ್ಲಿ ಸ್ತ್ರೀದಾಕ್ಷಿಣ್ಯವೆನ್ನುವರು. ತಮಿಳರು ದಯೆಯೊಡನೆ ಅದನ್ನು ಜೋಡಿಸಿ, ಕಠಿಣನಾದವನಲ್ಲಿ ಇವೆರಡೂ ಇಲ್ಲವೆನ್ನುತ್ತಾರೆ. ಈ ಜೋಡಿ ಕನ್ನಡದಲ್ಲಿಯೂ ಉಂಟು. ಕನ್ನಡಿಗನ ದಿನದ ಮಾತಿನಲ್ಲಿಯಾದರೋ ದಾಕ್ಷಿಣ್ಯವು ಮಾಡುವ ಗುಣವಾಗಿ ಉಳಿಯದೆ ಆಗುವ ಅವಸ್ಥೆಯಾಗಿದೆ. ಅದಕ್ಕೆ 'ಸಿಕ್ಕುತ್ತಾರೆ', 'ಕಟ್ಟುಬೀಳುತ್ತಾರೆ', 'ಒಳಗಾಗುತ್ತಾರೆ'. ಬಲೆಗೂ ರೋಗಕ್ಕೂ ಸಲ್ಲುವ ಕ್ರಿಯಾಪದಗಳೇ ಇದಕ್ಕೂ ಸಲ್ಲುತ್ತವೆ. ದಾಕ್ಷಿಣ್ಯಕ್ಕೆ ಬಸುರಾದರೆ ಹೆರುವುದಕ್ಕೆ ತಾವಿಲ್ಲವೆಂಬ ಗಾದೆಯನ್ನು ಸಭೆಯಲ್ಲಿ ಆಡುವುದಕ್ಕೆ ಸಂಕೋಚಪಡುವವರುಂಟು. ಆದರೆ ಅದರಷ್ಟು ಖಚಿತವಾಗಿ ಈ ವಿಷಯವನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಒಪ್ಪಿಕೊಂಡ ಗಳಿಗೆಯಲ್ಲಿ ಎದುರಿಗಿದ್ದವರು ಬಹು ಮಂದಿ. ಫಲವು ಬರುವ ಹೊತ್ತಿಗೆ ಇರುವವಳು ಒಬ್ಬಳೇ. ಗಾದೆಯನ್ನು ಕಟ್ಟಿದವರು ಹೆಣ್ಣಿನ ಉದಾಹರಣೆಯನ್ನು ಆರಿಸಿಕೊಂಡದ್ದೂ ಕೇವಲ ಪರಿಹಾಸಕ್ಕಾಗಿ ಅಲ್ಲವೆಂಬುದು ಮುಂದೆ ತಿಳಿಯುವುದು.

ಈ ಶಬ್ದದ ನೆರೆಹೊರೆಯನ್ನೂ ಒಂದಿಷ್ಟು ನೋಡಬೇಕು. ಮುಖದಾಕ್ಷಿಣ್ಯವೆಂಬ ಸಮಾಸವು ಕನ್ನಡದಲ್ಲಿ ಬಹಳ ಬಳಕೆಯಾದುದು. ಮುಲಾಜು ಎಂಬುದು ಅರಬ್ಬಿಯಿಂದ ಹೊರಟು ಮರಾಠಿಯ ಮಾರ್ಗವಾಗಿ ಬಂದದ್ದು. ಅದರ ಮೂಲಾರ್ಥವು ನೋಡುವುದು, ಲಕ್ಷ್ಯವಿಡುವುದು. ಉತ್ತರ ಕರ್ನಾಟಕದಲ್ಲಿ ಇದಕ್ಕೇ ಭಿಡೆಯೆನ್ನುವರು. ಮುಖ ನೋಡಿ ಮಣೆ ಹಾಕುವುದೆಂಬ ನುಡಿಯೂ ಇದೇ ಬಳಗಕ್ಕೆ ಸೇರಿದ್ದು. ಇವುಗಳಲ್ಲಿ ಹೆಚ್ಚಿನವು ಮುಖವನ್ನೋ ಕಣ್ಣನ್ನೋ ಹಿಡಿದು ಹುಟ್ಟಿರುವುದು ಆಕಸ್ಮಿಕವಲ್ಲ. ಎದುರಿಗೆ ಮುಖವಿರುವ ತನಕ ದಾಕ್ಷಿಣ್ಯಕ್ಕೆ ಬಲವುಂಟು. ಮುಖವು ಮರೆಯಾದೊಡನೆ ಅದು ಅರ್ಧಕ್ಕೆ ಇಳಿಯುತ್ತದೆ. ಜಗಲಿಯ ಮೇಲೆ ಬಂದು ಕುಳಿತವನಿಗೆ ಇಲ್ಲವೆನ್ನಲಾರದವನು ಅದೇ ಮನುಷ್ಯನ ಕಾಗದಕ್ಕೆ ಸುಲಭವಾಗಿ ಇಲ್ಲವೆಂದು ಬರೆಯುತ್ತಾನೆ. ಉತ್ತರವನ್ನೇ ಬರೆಯದಿರುವುದು ಇನ್ನೂ ಸುಲಭ. ದಯೆಗೂ ದಾಕ್ಷಿಣ್ಯಕ್ಕೂ ಇರುವ ಭೇದವು ಇಲ್ಲಿಯೇ. ದೂರದ ಊರಿನಲ್ಲಿ ಹಸಿದವನ ವಿಷಯವನ್ನು ಕೇಳಿಯೂ ದಯೆ ಹುಟ್ಟಬಹುದು. ದಾಕ್ಷಿಣ್ಯವು ಹುಟ್ಟಬೇಕಾದರೆ ಕೇಳುವವನು ಕಣ್ಣೆದುರಿಗೆ ಬರಬೇಕು, ಇಲ್ಲವೆ ಬಂದಾನೆಂಬ ಅಂಜಿಕೆಯಾದರೂ ಇರಬೇಕು.

ಮಹಾಭಾರತದ ಉದ್ಯೋಗಪರ್ವದಲ್ಲಿರುವ ಶಲ್ಯನ ಕಥೆಯು ಈ ಸಂದರ್ಭದಲ್ಲಿ ನೆನೆಯತಕ್ಕದ್ದು. ಶಲ್ಯನು ಮಾದ್ರಿಯ ಅಣ್ಣ, ನಕುಲಸಹದೇವರಿಗೆ ಸೋದರಮಾವ. ಪಾಂಡವರ ಪಕ್ಷವನ್ನು ಸೇರಬೇಕೆಂದೇ ದೊಡ್ಡ ಸೇನೆಯೊಡನೆ ಹೊರಟನು. ದಾರಿಯುದ್ದಕ್ಕೂ ರಮ್ಯವಾದ ಬೀಡುಗಳು, ಅನ್ನಪಾನಗಳು, ಸೇವೆಗೆ ಪರಿಚಾರಕರು. ಇದೆಲ್ಲವೂ ಯುಧಿಷ್ಠಿರನ ಏರ್ಪಾಡೆಂದು ಆತನು ತಿಳಿದನು. ಸಂತುಷ್ಟನಾಗಿ, ಇದನ್ನು ನಿರ್ಮಿಸಿದವರನ್ನು ಕರೆತನ್ನಿ, ಬಹುಮಾನ ಕೊಡುವೆನೆಂದನು. ಮರೆಯಿಂದ ಹೊರಗೆ ಬಂದವನು ದುರ್ಯೋಧನ. ಉಂಡ ಬಾಯಿಯಲ್ಲಿ ಬೇಡವೆನ್ನಲಾಗದೆ ಶಲ್ಯನು ವರವನ್ನು ಕೇಳೆಂದನು. ತನ್ನ ಸೇನೆಗೆ ನಾಯಕನಾಗಬೇಕೆಂದು ದುರ್ಯೋಧನನು ಕೇಳಿದನು. ಒಪ್ಪಿದ್ದಾಯಿತು. ಬಳಿಕ ಶಲ್ಯನು ಯುಧಿಷ್ಠಿರನ ಬಳಿಗೂ ಹೋಗಿ ನಡೆದುದನ್ನು ತಿಳಿಸಿದನು. ಅಲ್ಲಿ ಆತನಿಗೆ ಎರಡನೆಯ ದಾಕ್ಷಿಣ್ಯವು ಕಾದಿತ್ತು: ಕರ್ಣನ ಸಾರಥಿಯಾಗುವ ಸಮಯ ಬಂದಾಗ ಅವನ ತೇಜಸ್ಸನ್ನು ಕುಗ್ಗಿಸಿ ಅರ್ಜುನನನ್ನು ಕಾಪಾಡಬೇಕೆಂದು ಧರ್ಮರಾಜನೇ ಕೇಳಿಕೊಂಡನು. ಅದಕ್ಕೂ ಶಲ್ಯನು ಒಪ್ಪಿದನು.

ಹೀಗೆ ಒಬ್ಬನ ಅನ್ನಕ್ಕೆ ಒಂದು ಮಾತು, ಇನ್ನೊಬ್ಬನ ನಂಟಿಗೆ ಒಂದು ಮಾತು. ಎರಡನ್ನೂ ನಡೆಯಿಸಿಕೊಟ್ಟದ್ದರಿಂದ ಆತನು ಸತ್ಯಸಂಧನೆನ್ನಬಹುದೇನೋ. ಆದರೆ ಎರಡು ಕಡೆಯಲ್ಲಿಯೂ ಪೂರ್ಣವಾಗಿ ನಿಲ್ಲಲಿಲ್ಲ. ತಾನು ನಡೆಯಿಸಬೇಕಾದ ರಥದಲ್ಲಿ ಕುಳಿತ ವೀರನನ್ನು ಮಾತಿನಿಂದ ಚುಚ್ಚುತ್ತ ಸಾಗಿದ ಸಾರಥಿಯನ್ನು ಭಾರತವು ಬಹಳ ಹೊಗಳುವುದಿಲ್ಲ. ಹದಿನೆಂಟನೆಯ ದಿನ ಸೇನಾಪತಿಯಾಗಿ ನಿಂತು ಯುಧಿಷ್ಠಿರನ ಕೈಯಿಂದಲೇ ಮಡಿದನು. ಕರ್ಣನನ್ನು ಇವನ ಪಕ್ಕದಲ್ಲಿಟ್ಟು ನೋಡಿದರೆ ಅಂತರವು ಸ್ಪಷ್ಟವಾಗುತ್ತದೆ. ಕರ್ಣನೂ ಅನ್ನದ ಋಣದಿಂದಲೇ ಕೌರವನ ಕಡೆ ನಿಂತವನು. ಆದರೆ ಆ ಋಣವು ಹಳೆಯದು. ಅವನು ತಿಳಿದು ಹೊತ್ತದ್ದು. ಕೃಷ್ಣನು ಬಂದು ಕರೆದಾಗಲೂ ಕುಂತಿಯು ಬಂದು ಕೇಳಿದಾಗಲೂ ಪಕ್ಷವನ್ನು ಬಿಡಲಾರೆನೆಂದು ಬಾಯಿಬಿಟ್ಟು ಹೇಳಿದನು. ಹಳಗನ್ನಡದ ಕವಿಗಳೂ ಶಾಸನಗಳೂ ಜೋಳವಾಳಿಯೆಂದು ಕರೆದದ್ದು ಇದನ್ನು. ಉಂಡ ಜೋಳಕ್ಕೆ ಪ್ರಾಣವನ್ನು ತೆರುವ ಆ ವ್ರತವು ಇಂದಿನವರಿಗೆ ಒಪ್ಪಿಗೆಯಾಗಲಿ ಆಗದಿರಲಿ, ಅದು ದಾಕ್ಷಿಣ್ಯವಲ್ಲ. ಜೋಳವಾಳಿಯ ಬಂಟನು ತಾನು ಏನನ್ನು ಕೊಡುತ್ತಿರುವೆನೆಂಬುದನ್ನು ಬಲ್ಲನು. ದಾಕ್ಷಿಣ್ಯದವನು ಕೊಟ್ಟ ಬಳಿಕ ಲೆಕ್ಕ ಹಾಕುತ್ತಾನೆ.

ಭೀತಿಯನ್ನೂ ಇದರೊಡನೆ ಬೆರೆಸಬಾರದು. ಪ್ರಿಯವನ್ನೇ ನುಡಿಯುವವರು ಸುಲಭವಾಗಿ ದೊರೆಯುವರೆಂದು ರಾವಣನಿಗೆ ಬುದ್ಧಿ ಹೇಳಿದ ಮಾರೀಚನು ಕಡೆಗೆ ಮಾಯಾಮೃಗವಾಗಿ ಹೊರಟದ್ದು ಪ್ರಾಣಭಯದಿಂದ; ರಾವಣನು ಕೊಲ್ಲುವೆನೆಂದು ಬೆದರಿಸಿದ್ದನು. ಅಲ್ಲಿ ದಾಕ್ಷಿಣ್ಯವಿಲ್ಲ. ಬೆದರಿಕೆಯ ಅವಶ್ಯಕತೆಯೇ ಇಲ್ಲದೆ ಮನುಷ್ಯನು ಬಾಗುವನಾದ್ದರಿಂದಲೇ ದಾಕ್ಷಿಣ್ಯವು ಚಿಂತಿಸತಕ್ಕ ವಿಷಯವಾಗಿರುವುದು.

ಇತಿಹಾಸಪುರಾಣಗಳನ್ನು ಬಿಟ್ಟು ಮನೆಯಂಗಳಕ್ಕೆ ಬಂದರೆ ದಾಕ್ಷಿಣ್ಯವು ಹೆಚ್ಚಾಗಿ ಕೆಲಸ ಮಾಡುವ ಸ್ಥಳವು ಜಾಮೀನಿನ ಕಾಗದ. ನೆಂಟನೋ ನೆರೆಯವನೋ ಬಂದು, 'ಬರಿಯ ಒಂದು ರುಜು, ನಿಮಗೇನೂ ತೊಂದರೆಯಿಲ್ಲ' ಎನ್ನುತ್ತಾನೆ. ಮನೆಯಾಕೆ ಬಾಗಿಲ ಮರೆಯಿಂದ ಬೇಡವೆಂದು ಸನ್ನೆ ಮಾಡುತ್ತಾಳೆ. ಯಜಮಾನನು ಅದನ್ನು ಕಂಡೂ ಕಾಣದವನಂತೆ ಲೇಖಣಿಯನ್ನು ತೆಗೆದುಕೊಳ್ಳುತ್ತಾನೆ. 1872ನೆಯ ಇಸವಿಯ ಭಾರತೀಯ ಕರಾರು ಕಾಯಿದೆಯ 128ನೆಯ ಕಲಮಿನ ಪ್ರಕಾರ, ಬೇರೆ ಒಡಂಬಡಿಕೆಯಿಲ್ಲದಿದ್ದರೆ, ಸಾಲಗಾರನ ಹೊಣೆಯೆಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಅದೇ ಕಾಯಿದೆಯ 14ನೆಯ ಕಲಮು ಸ್ವತಂತ್ರವಾದ ಸಮ್ಮತಿಯೆಂದರೇನೆಂಬುದನ್ನು ಹೇಳುತ್ತದೆ: ಬಲಾತ್ಕಾರ, ಅನುಚಿತವಾದ ಪ್ರಭಾವ, ಮೋಸ, ತಪ್ಪು ನಿರೂಪಣೆ, ಪ್ರಮಾದ ಇವುಗಳಿಂದ ಹುಟ್ಟದ ಸಮ್ಮತಿಯೇ ಸ್ವತಂತ್ರವಾದುದು. ಈ ಪಟ್ಟಿಯಲ್ಲಿ ದಾಕ್ಷಿಣ್ಯಕ್ಕೆ ಸ್ಥಾನವಿಲ್ಲ. ಅನುಚಿತವಾದ ಪ್ರಭಾವವೆಂದು ಸಾಧಿಸಬೇಕಾದರೆ ಒಬ್ಬನು ಮತ್ತೊಬ್ಬನ ಇಚ್ಛೆಯ ಮೇಲೆ ಅಧಿಕಾರ ನಡೆಯಿಸುವ ಸ್ಥಿತಿಯಲ್ಲಿದ್ದು, ಆ ಸ್ಥಿತಿಯನ್ನು ತನ್ನ ಲಾಭಕ್ಕೆ ಬಳಸಿದನೆಂದು ತೋರಬೇಕು. ಜಗಲಿಯ ಮೇಲೆ ಕಾಫಿ ಕುಡಿದು ಕುಳಿತ ನೆಂಟನಿಗೆ ಯಾವ ಅಧಿಕಾರವಿದೆ? ಮುಖ ಮುರಿಯಲಾರದೆ ರುಜು ಹಾಕಿದೆನೆಂಬ ಸಮಾಧಾನವನ್ನು ಯಾವ ನ್ಯಾಯಾಲಯವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಾಯಿದೆಯು ಹಾಗಿರುವುದು ಸರಿಯೇ. ಇಲ್ಲದಿದ್ದರೆ ಈ ದೇಶದಲ್ಲಿ ಎಷ್ಟು ಕರಾರುಗಳು ಉಳಿಯುತ್ತಿದ್ದವೋ ಹೇಳಲಾಗದು.

ಆದರೆ ಇದೇ ದಾಕ್ಷಿಣ್ಯದ ಮೇಲೆಯೇ ಒಂದು ದೊಡ್ಡ ಸಂಸ್ಥೆಯು ನಿಂತಿರುವುದನ್ನೂ ಮರೆಯಬಾರದು. 1904ರ ಸಹಕಾರ ಕಾಯಿದೆಯು ಬಂದ ಮರುವರ್ಷವೇ, 1905ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಿಂದ ಸಾಲದ ಸಹಕಾರ ಸಂಘವು ಸ್ಥಾಪಿತವಾಯಿತು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಯು ಸಾಮಾನ್ಯವಾಗಿ ಅಮಿತವಾದುದೆಂದು ಆ ಕಾಯಿದೆಯು ವಿಧಿಸಿತ್ತು. ಒಬ್ಬನು ತೀರಿಸದಿದ್ದರೆ ಎಲ್ಲರ ಮೇಲೂ ಹೊರೆ. ಇದರ ಹಿಂದಣ ಯುಕ್ತಿಯು ಜರ್ಮನಿಯ ರೈಫೈಸೆನ್ನನದು: ಒಂದೇ ಊರಿನವರು ಒಬ್ಬರ ಗುಣವನ್ನು ಒಬ್ಬರು ಬಲ್ಲರು, ನೆರೆಯವನ ಮುಖಕ್ಕೆ ಅಂಜಿಯಾದರೂ ಸಾಲವನ್ನು ತೀರಿಸುವರು. ಲೇವಾದೇವಿಯವನ ಬಡ್ಡಿಯ ಕೆಳಗೆ ನುಗ್ಗಾಗುತ್ತಿದ್ದ ಒಕ್ಕಲಿಗನಿಗೆ ಅಡವಿಡಲು ಏನೂ ಇಲ್ಲದಿದ್ದರೂ ನೆರೆಯವರ ವಿಶ್ವಾಸವೇ ಅಡವಾಯಿತು. ಅದೇ ಮುಖದ ಅಂಜಿಕೆಯು ತಿರುಗುಮುರುಗಾದಾಗ ಸಂಘಗಳು ಸೋರಿದವು. ಬಾಕಿದಾರನ ಮನೆಯಲ್ಲಿ ಮದುವೆಯ ಊಟವನ್ನುಂಡ ಪಂಚರು ಅವನ ಬಾಗಿಲಿಗೆ ವಸೂಲಿಗೆ ಹೋಗಲಾರದೆ ಕಾಗದದ ಮೇಲೆ ವಾಯಿದೆಯನ್ನು ಮುಂದಕ್ಕೆ ಹಾಕುವುದು, ಹಳೆಯ ಸಾಲಕ್ಕೆ ಹೊಸ ಸಾಲವನ್ನು ಜಮಾ ಮಾಡುವುದು ಸಹಕಾರದ ವ್ಯವಹಾರವನ್ನು ಕಂಡವರಿಗೆ ಹೊಸ ಸಂಗತಿಯಲ್ಲ. ಕೊಡಿಸಿದ ಗುಣವೇ ಕೇಳದಂತೆ ಮಾಡಿತು.

ಹಾಗಾದರೆ ದಾಕ್ಷಿಣ್ಯವನ್ನು ಎಲ್ಲಿ ಮೆಚ್ಚಬೇಕು, ಎಲ್ಲಿ ಹಳಿಯಬೇಕು? ತನ್ನ ಕೈಯಿಂದ ಕೊಟ್ಟರೆ ಅದು ಗುಣ, ಪರರ ಕೈಯಿಂದ ಕೊಟ್ಟರೆ ದೋಷ ಎಂದು ಮೇಲುನೋಟಕ್ಕೆ ಹೇಳಬಹುದು. ಹಣವಿಲ್ಲವೆಂದು ಬಂದ ಹುಡುಗನಿಗೆ ಉಪಾಧ್ಯಾಯನು ತನ್ನ ಸಂಬಳದಿಂದ ಫೀಜು ಕಟ್ಟಿದರೆ ಅದನ್ನು ಯಾರೂ ಹಳಿಯರು. ಅದೇ ಉಪಾಧ್ಯಾಯನು ತಂದೆಯ ಮುಖ ನೋಡಿ ನಾಲ್ಕು ಅಂಕಗಳನ್ನು ಏರಿಸಿದರೆ, ಆ ನಾಲ್ಕು ಅಂಕಗಳು ಅವನ ಸ್ವತ್ತಲ್ಲ. ಹೆಸರೂ ತಿಳಿಯದ ಮತ್ತೊಬ್ಬ ಹುಡುಗನ ಸ್ಥಾನವನ್ನು ತೆಗೆದು ದಾನ ಮಾಡಿದಂತಾಯಿತು. ಆ ಹುಡುಗನ ಮುಖವು ಎದುರಿಗಿರಲಿಲ್ಲ, ಅಷ್ಟೆ. ಮುಖವಿಲ್ಲದವನಿಗೆ ಅನ್ಯಾಯವಾಗುವುದು ದಾಕ್ಷಿಣ್ಯದ ಸ್ವಭಾವದಲ್ಲಿಯೇ ಇದೆ. ಶಿಫಾರಸಿನಿಂದ ಕೆಲಸ ಕೊಡಿಸುವವರು, ಸಾಕ್ಷಿಯಲ್ಲಿ ಮಾತನ್ನು ಮೆತ್ತಗೆ ಮಾಡುವವರು, ಗೆಳೆಯನ ಸಾಮಾನ್ಯ ಪುಸ್ತಕಕ್ಕೆ ಅಸಾಮಾನ್ಯ ಮುನ್ನುಡಿ ಬರೆಯುವವರು—ಈ ಕಡೆಯವರು ಸಾಹಿತ್ಯಪತ್ರಿಕೆಗಳನ್ನು ಓದುವವರಿಗೆ ಅಪರಿಚಿತರಲ್ಲ—ಎಲ್ಲರೂ ತಮ್ಮದಲ್ಲದ್ದನ್ನು ಕೊಡುತ್ತಾರೆ.

ಆದರೂ ಈ ಅಳತೆಗೋಲು ಪೂರ್ತಿ ಸಾಲದು. ತನ್ನ ಕೈಯಿಂದಲೇ ಕೊಟ್ಟೆನೆಂದುಕೊಳ್ಳುವವನ ಕೈ ಎಲ್ಲಿಯವರೆಗೆ ಅವನದು? ಜಾಮೀನಿಗೆ ರುಜು ಹಾಕಿದವನು ತನ್ನ ಆಸ್ತಿಯನ್ನೇ ಒಡ್ಡಿದನು, ನಿಜ. ಆದರೆ ಬಾಗಿಲ ಮರೆಯಿಂದ ಸನ್ನೆ ಮಾಡಿದವಳ ಅನ್ನವೂ ಅದರಲ್ಲಿಯೇ ಇತ್ತು. ಅವಳಿಗೆ ಇಲ್ಲವೆನ್ನುವುದು ಅವನಿಗೆ ಕಷ್ಟವಾಗಲಿಲ್ಲ. ದಾಕ್ಷಿಣ್ಯದ ಮನುಷ್ಯನೆಂದು ಊರಿನಲ್ಲಿ ಹೆಸರು ಪಡೆದ ಎಷ್ಟೋ ಗೃಹಸ್ಥರು ಮನೆಯೊಳಗೆ ಮಾತಿಗೆ ಮುಂಚೆ ಗದರುವವರಾಗಿರುವುದು ಇದೇ ಕಾರಣದಿಂದ. ಹೊರಗಿನವರಿಗೆ ತೆತ್ತ ಸೌಜನ್ಯವು ಒಳಗಿನವರ ಪಾಲಿನಿಂದ ಕಳೆದದ್ದು.

ಕೇಳಿದವನಿಗೂ ಇದರಲ್ಲಿ ನಷ್ಟವಿದೆಯೆಂಬುದನ್ನು ಹೆಚ್ಚು ಜನ ಎಣಿಸುವುದಿಲ್ಲ. ತನ್ನ ಪದ್ಯಗಳು ಹೇಗಿವೆಯೆಂದು ಕೇಳಿದ ತರುಣನಿಗೆ ಚೆನ್ನಾಗಿವೆಯೆಂಬ ಉತ್ತರವು ದೊರೆತರೆ ಅವನು ಇನ್ನೈದು ವರ್ಷ ಹಾಗೆಯೇ ಬರೆಯುತ್ತಾನೆ. ಬರುವೆನೆಂದು ಒಪ್ಪಿ ಬಾರದ ಅತಿಥಿಗಾಗಿ ಎಲೆ ಹಾಕಿಕೊಂಡು ಕಾಯುವವನಿಗೆ, ಮೊದಲೇ ಬಾರೆನೆಂದಿದ್ದರೆ ಇಷ್ಟು ಅವಮಾನವಾಗುತ್ತಿರಲಿಲ್ಲ. ಎದುರಿನವನು ಸತ್ಯವನ್ನು ತಾಳಲಾರನೆಂದು ತಾನೇ ತೀರ್ಮಾನಿಸಿಕೊಳ್ಳುವುದರಲ್ಲಿ ಒಂದು ಬಗೆಯ ಅನಾದರವೂ ಅಡಗಿದೆ. ಇದಕ್ಕೆ ಮನುಸ್ಮೃತಿಯ ಬೆಂಬಲವಿದೆಯೆನ್ನುವವರುಂಟು. ಅಪ್ರಿಯವಾದ ಸತ್ಯವನ್ನು ಆಡಬಾರದೆಂದು ಅಲ್ಲಿ ಹೇಳಿರುವುದು ನಿಜ. ಆದರೆ ಪ್ರಿಯವಾದ ಸುಳ್ಳನ್ನೂ ಆಡಬಾರದೆಂದು ಅದೇ ಶ್ಲೋಕದ ಉತ್ತರಾರ್ಧವು ನಿಷೇಧಿಸುತ್ತದೆ. ಲೋಕವು ಪೂರ್ವಾರ್ಧವನ್ನು ಬಾಯಿಪಾಠ ಮಾಡಿಕೊಂಡಿದೆ. ಇದ್ದದ್ದನ್ನು ಇದ್ದಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರೆಂಬ ಗಾದೆಯ ಅನುಭವವು ಅದಕ್ಕೆ ಕಾರಣವಿರಬಹುದು.

ಎಲ್ಲಕ್ಕಿಂತ ದೊಡ್ಡ ಬೆಲೆಯನ್ನು ತೆರುವವರು ಮಾತ್ರ ಬೇರೆಯವರು. ದೊಡ್ಡವನು ಚಿಕ್ಕವನಿಗೆ ತೋರಿಸಿದ ದಾಕ್ಷಿಣ್ಯವು ಅನುಗ್ರಹವೆನಿಸುತ್ತದೆ. ಚಿಕ್ಕವನು ದೊಡ್ಡವನಿಗೆ ತೋರಿಸುವುದು ಅದೇ ಹೆಸರನ್ನು ಹೊತ್ತರೂ ವಸ್ತುವು ಅದಲ್ಲ. ಹಿರಿಯರು ಸುತ್ತಲೂ ಕುಳಿತಿರುವಾಗ, ಗಂಡಿನ ಕಡೆಯವರ ಎದುರಿನಲ್ಲಿ, 'ನಿನಗೆ ಒಪ್ಪಿಗೆಯೇನಮ್ಮ?' ಎಂದು ಕೇಳಿದರೆ ಹುಡುಗಿಯು ತಲೆಯನ್ನು ಬಗ್ಗಿಸುತ್ತಾಳೆ. ಮೌನವೇ ಸಮ್ಮತಿಯೆಂದು ಯಾರೋ ನಕ್ಕು ಹೇಳುತ್ತಾರೆ, ತಾಂಬೂಲಗಳು ಬದಲಾಗುತ್ತವೆ. ಅಲ್ಲಿ ಯಾರೂ ಬಲಾತ್ಕಾರ ಮಾಡಲಿಲ್ಲ. ತಂದೆಯು ಪ್ರೀತಿಯಿಂದಲೇ ಕೇಳಿದನು. ಆದರೆ ಉತ್ತರಕ್ಕೆ ಒಂದೇ ಬಾಗಿಲು ತೆರೆದಿರುವಾಗ ಕೇಳಿದ್ದನ್ನು ಪ್ರಶ್ನೆಯೆನ್ನಲಾಗದು. ಹತ್ತು ವರ್ಷಗಳ ಬಳಿಕ ಆಕೆಯು, 'ಅಪ್ಪನ ಮುಖ ನೋಡಿ ಸುಮ್ಮನಾದೆ' ಎಂದರೆ, ಕೇಳಿದವರಿಗೆ ಅಂದೇ ಹೇಳಬಾರದಿತ್ತೇ ಎನ್ನುವುದು ಸುಲಭ. ಬೇಡವೆನ್ನಲು ಶಕ್ತನಾದವನ ಗುಣವಾಗಿದ್ದ ಶಬ್ದವು ಬೇಡವೆನ್ನಲಾರದವರ ಪಾಲಿಗೆ ಬಂದು ಸೇರಿದ ಮೇಲೆ, ಅದನ್ನು ಅವರ ಸದ್ಗುಣವೆಂದು ಹೊಗಳುವುದಕ್ಕೆ ಮುಂಚೆ ಎರಡು ಸಲ ಯೋಚಿಸುವುದು ಒಳ್ಳೆಯದು.

ಗ್ರೀಕರ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ಇದೇ ವಿಷಯವನ್ನು ಮುಟ್ಟಿದ್ದಾನೆ. ಜನರೊಡನೆ ಬೆರೆಯುವುದರಲ್ಲಿ ಕೆಲವರು ಯಾರನ್ನೂ ನೋಯಿಸಬಾರದೆಂದು ಎಲ್ಲವನ್ನೂ ಹೊಗಳುತ್ತ ಯಾವುದನ್ನೂ ವಿರೋಧಿಸದೆ ಇರುತ್ತಾರೆ. ಇವರಿಗೆ ಎದುರಾದವರು ಯಾರ ನೋವನ್ನೂ ಲೆಕ್ಕಿಸದೆ ಎಲ್ಲದಕ್ಕೂ ಅಡ್ಡ ಬರುವವರು. ಇವರಿಬ್ಬರ ನಡುವಿನ ಸ್ಥಿತಿಯೇ ಮೆಚ್ಚತಕ್ಕದ್ದು. ಅದು ಸ್ನೇಹವನ್ನು ಹೋಲುತ್ತದೆ, ಆದರೆ ಅದಕ್ಕೆ ಹೆಸರಿಲ್ಲವೆಂದು ಆತನು ಹೇಳುತ್ತಾನೆ. ಲಾಭದ ಆಸೆಯಿಂದ ಮೆಚ್ಚಿಸುವವನು ಮುಖಸ್ತುತಿಕಾರ. ಯಾವ ಲಾಭವನ್ನೂ ಬಯಸದೆ ಮೆಚ್ಚಿಸುವವನು ಬೇರೆ ಎಂಬ ಸೂಕ್ಷ್ಮವನ್ನೂ ಆತನು ಮರೆತಿಲ್ಲ. ಗ್ರೀಕರಲ್ಲಿ ಎರಡು ಕೊನೆಗಳಿಗೆ ಹೆಸರಿದ್ದು ನಡುವಣದಕ್ಕೆ ಹೆಸರಿಲ್ಲ. ಕನ್ನಡದಲ್ಲಿ ನಡುವಣ ಗುಣಕ್ಕೂ ಅದರ ಅತಿಗೂ ಒಂದೇ ಹೆಸರು. ಆದುದರಿಂದಲೇ ಈ ಶಬ್ದವನ್ನು ಕುರಿತ ವಾದಗಳು ಮುಗಿಯುವುದಿಲ್ಲ: ಒಬ್ಬನು ಗುಣವನ್ನು ಸಮರ್ಥಿಸುತ್ತಿರುವಾಗ ಇನ್ನೊಬ್ಬನು ಅತಿಯನ್ನು ಖಂಡಿಸುತ್ತಿರುತ್ತಾನೆ.

ನಿರ್ದಾಕ್ಷಿಣ್ಯವನ್ನು ಬಿರುದಿನಂತೆ ಧರಿಸುವವರ ವಿಷಯದಲ್ಲಿಯೂ ಒಂದು ಮಾತು ಸಲ್ಲುವುದು. 'ಮುಖಕ್ಕೆ ಹೊಡೆದಂತೆ ಹೇಳಿಬಿಡುವುದು ತಮ್ಮ ಸ್ವಭಾವ' ಎಂದು ಹೆಮ್ಮೆಪಡುವ ಜನರು ಆ ಸ್ವಭಾವವನ್ನು ಯಾರ ಮುಂದೆ ತೋರಿಸುತ್ತಾರೆಂಬುದನ್ನು ನೋಡಬೇಕು. ಸಾಮಾನ್ಯವಾಗಿ ಅದು ಆಳಿನ ಮುಂದೆ, ಸೊಸೆಯ ಮುಂದೆ, ಕೆಳಗಿನ ಗುಮಾಸ್ತೆಯ ಮುಂದೆ. ಕುರುಸಭೆಯಲ್ಲಿ ದ್ರೌಪದಿಯು ಪ್ರಶ್ನೆಯನ್ನು ಕೇಳಿದಾಗ ವಯೋವೃದ್ಧರು ಧರ್ಮದ ಸೂಕ್ಷ್ಮತೆಯನ್ನು ಹೇಳಿ ತಪ್ಪಿಸಿಕೊಂಡರು. ಬಾಯಿಬಿಟ್ಟವರಲ್ಲಿ ವಿದುರನನ್ನು ಬಿಟ್ಟರೆ ದುರ್ಯೋಧನನ ಸ್ವಂತ ತಮ್ಮನಾದ ವಿಕರ್ಣನೇ ಮುಖ್ಯನು. ಅಣ್ಣನ ದಾಕ್ಷಿಣ್ಯವು ಉಳಿದವರೆಲ್ಲರಿಗಿಂತ ಹೆಚ್ಚಾಗಿ ಅವನನ್ನೇ ಕಟ್ಟಬೇಕಾಗಿತ್ತು. ಅವನನ್ನು ಯಾರೂ ನಿರ್ದಾಕ್ಷಿಣ್ಯನೆಂದು ಕರೆಯಲಿಲ್ಲ, ಹುಡುಗನೆಂದು ಕರೆದರು. ಯುದ್ಧದಲ್ಲಿ ಅವನು ಅಣ್ಣನ ಕಡೆಯಲ್ಲಿಯೇ ನಿಂತು ಮಡಿದನು.

ಮನುಷ್ಯನ ಈ ಪ್ರವೃತ್ತಿಯನ್ನು ಉಪದೇಶದಿಂದ ತಿದ್ದುವುದು ಕಷ್ಟವೆಂದು ತಿಳಿದವರು ಬೇರೆ ಉಪಾಯಗಳನ್ನು ಹುಡುಕಿರುವರು. ಅವೆಲ್ಲವೂ ಮುಖವನ್ನು ಮರೆಮಾಡುವ ಉಪಾಯಗಳೇ. ಪರೀಕ್ಷೆಯ ಕಾಗದದ ಮೇಲೆ ಹೆಸರಿನ ಬದಲು ಸಂಖ್ಯೆಯನ್ನು ಬರೆಯಿಸುವುದು ಒಂದು. ಗುಪ್ತಮತವು ಮತ್ತೊಂದು. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿಯೂ ದಕ್ಷಿಣ ಆಸ್ಟ್ರೇಲಿಯದಲ್ಲಿಯೂ 1856ರಲ್ಲಿ ಆರಂಭವಾದ ಈ ಪದ್ಧತಿಯು ಬ್ರಿಟನ್ನಿಗೆ ಬಂದದ್ದು 1872ರಲ್ಲಿ. ಮತವು ಸಾರ್ವಜನಿಕರ ನ್ಯಾಸವಾದುದರಿಂದ ಬಹಿರಂಗವಾಗಿಯೇ ಕೊಡಬೇಕೆಂದು ಜಾನ್ ಸ್ಟುವರ್ಟ್ ಮಿಲ್ಲನು 1861ರಲ್ಲಿ ವಾದಿಸಿದ್ದನು. ವಾದವು ಉದಾತ್ತವಾಗಿದೆ; ಆದರೆ ಅದು ದಾಕ್ಷಿಣ್ಯವನ್ನು ಕಾಣದ ವಾದ. 1951-52ರಲ್ಲಿ ಭಾರತದ ಮೊದಲನೆಯ ಮಹಾಚುನಾವಣೆಯು ನಡೆದಾಗ ಪ್ರತಿಯೊಬ್ಬ ಉಮೇದುವಾರನಿಗೂ ಚಿಹ್ನೆಯುಳ್ಳ ಬೇರೆ ಬೇರೆ ಪೆಟ್ಟಿಗೆಗಳನ್ನು ಪರದೆಯ ಮರೆಯಲ್ಲಿ ಇಟ್ಟಿದ್ದರು. ಬೆಳಗ್ಗೆ ಇಬ್ಬರು ಉಮೇದುವಾರರಿಗೂ 'ಆಗಲಿ' ಎಂದು ಕೈಮುಗಿದ ಮತದಾರನು ಆ ಪರದೆಯ ಹಿಂದೆ ಒಬ್ಬನೇ ನಿಂತನು.

ಅದೇ ವರ್ಷಗಳಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞನಾದ ಸಾಲೊಮನ್ ಆಶ್ ಎಂಬಾತನು ಮಾಡಿದ ಪ್ರಯೋಗವು ಪ್ರಸಿದ್ಧವಾಗಿದೆ. ಗೆರೆಗಳ ಉದ್ದವನ್ನು ಹೋಲಿಸಿ ಹೇಳುವ ಸುಲಭವಾದ ಕೆಲಸ. ಮೊದಲೇ ಸಂಕೇತ ಮಾಡಿಕೊಂಡ ಉಳಿದವರೆಲ್ಲರೂ ಬೇಕೆಂದು ತಪ್ಪು ಉತ್ತರವನ್ನು ಕೊಟ್ಟಾಗ, ಏನೂ ಅರಿಯದ ಒಬ್ಬನು ಸುಮಾರು ಮೂರರಲ್ಲೊಂದು ಪಾಲಿನಷ್ಟು ಸಲ ಅವರ ತಪ್ಪನ್ನೇ ತಾನೂ ಹೇಳುತ್ತಿದ್ದನು. ಅವರಲ್ಲಿ ನಂಟಿಲ್ಲ, ಋಣವಿಲ್ಲ. ಒಂದು ಕೋಣೆಯಲ್ಲಿ ಕುಳಿತ ಅಪ್ಪಟ ಅಪರಿಚಿತರು. ಉತ್ತರವನ್ನು ಗುಟ್ಟಾಗಿ ಬರೆದುಕೊಡಲು ಬಿಟ್ಟಾಗ ತಪ್ಪುಗಳು ಬಹಳ ಕಡಮೆಯಾದವು. ಗುಂಪಿನಲ್ಲಿ ಮತ್ತೊಬ್ಬನು ಸರಿಯಾದ ಉತ್ತರವನ್ನು ಹೇಳಿದರೂ ಹಾಗೆಯೇ ಆಯಿತು. ಅಪರಿಚಿತರ ನಡುವೆಯೇ ಇಷ್ಟಾದರೆ, ಒಂದೇ ಬಾವಿಯ ನೀರು ಕುಡಿಯುವವರ ನಡುವೆ ಎಷ್ಟಾದೀತು?

ಆದರೆ ಮನೆಯೊಳಕ್ಕೆ ಪರದೆಯನ್ನೂ ಸಂಖ್ಯೆಯನ್ನೂ ತರುವುದಾಗದು. ಅಲ್ಲಿ ಉಳಿಯುವುದು ಮಾತೊಂದೇ. ಕನ್ನಡದ ಮಾತಾದರೋ ಇಲ್ಲವೆನ್ನುವುದನ್ನು ಮೊದಲಿನಿಂದಲೂ ಮಂಗಳವೆಂದು ಎಣಿಸಿಲ್ಲ. ಹೊರಡುವವನು ಹೋಗುತ್ತೇನೆನ್ನದೆ ಹೋಗಿ ಬರುತ್ತೇನೆನ್ನುತ್ತಾನೆ. ದೀಪವನ್ನು ಆರಿಸೆನ್ನದೆ ದೊಡ್ಡದು ಮಾಡೆನ್ನುತ್ತಾರೆ. ಬಾಗಿಲಿಗೆ ಬಂದವನಿಗೆ ಭಿಕ್ಷೆಯಿಲ್ಲವೆನ್ನದೆ ಮುಂದೆ ಹೋಗಪ್ಪಾ ಎನ್ನುತ್ತಾರೆ. 'ನೋಡೋಣ' ಎಂಬ ಒಂದು ಮಾತಿನಲ್ಲಿ ಎಷ್ಟು ನಿರಾಕರಣೆಗಳು ಅಡಗಿವೆಯೆಂಬುದನ್ನು ಕನ್ನಡಿಗನೇ ಬಲ್ಲನು. ಪರದೇಶದವನು ಅದನ್ನು ನಂಬಿ ಮರುದಿನ ಮತ್ತೆ ಬರುತ್ತಾನೆ.

ವ್ಯಾಕರಣದಲ್ಲಿಯೂ ಒಂದು ಕುತೂಹಲದ ಸಂಗತಿಯಿದೆ. ಹಳೆಯ ಕನ್ನಡದಲ್ಲಿ ನಿಷೇಧವು ಕ್ರಿಯಾಪದದೊಳಗೇ ಇದ್ದು, ಅದರೊಡನೆ ಕರ್ತೃವೂ ಇರುತ್ತಿದ್ದನು: ಕೊಡೆನು, ಬಾರೆನು, ಒಲ್ಲೆನು. ಹೇಳುವವನು ಅದರಲ್ಲಿ ಎದ್ದು ಕಾಣುತ್ತಾನೆ. ಇಂದಿನ ಮಾತಿನಲ್ಲಿ 'ಕೊಡುವುದಕ್ಕೆ ಆಗುವುದಿಲ್ಲ', 'ಬರಲಿಕ್ಕಾಗುವುದಿಲ್ಲ'. ಅಲ್ಲಿ ಕರ್ತೃವಿಲ್ಲ, ನಿರಾಕರಿಸಿದವರು ಯಾರೂ ಇಲ್ಲ, ಏನೋ ಒಂದು ಆಗದೆ ಹೋಯಿತು, ಅಷ್ಟೆ. ದಾಕ್ಷಿಣ್ಯವೇ ಈ ಬದಲಾವಣೆಗೆ ಕಾರಣವೆಂದು ಹೇಳಹೊರಟರೆ ವೈಯಾಕರಣರು ನಗುವರು. ಆದರೂ ಧಾರವಾಡದ ಕಡೆಯ ಮನೆಗಳಲ್ಲಿ 'ಒಲ್ಲೆ' ಎಂಬ ಮಾತು ಮಕ್ಕಳ ಬಾಯಲ್ಲಿಯೂ ಅಜ್ಜಿಯರ ಬಾಯಲ್ಲಿಯೂ ಇನ್ನೂ ಜೀವಂತವಾಗಿದೆ. ಅದನ್ನು ಹೆಚ್ಚಾಗಿ ಕೇಳುವುದು ಊಟದ ಪಂಕ್ತಿಯಲ್ಲಿ. ಬಡಿಸುವವನು ಹೋಳಿಗೆಯನ್ನು ಮುಂದೊಡ್ಡುತ್ತಾನೆ, ಉಣ್ಣುವವನು ಒಲ್ಲೆನೆನ್ನುತ್ತಾನೆ. ಇನ್ನೊಂದೇ ಒಂದು ಎಂದು ಉಪಚರಿಸುತ್ತಾನೆ. ಇವನು ಬಾಗಿ ಎಲೆಯ ಮೇಲೆ ಕೈಗಳನ್ನು ಅಡ್ಡ ಹಿಡಿಯುತ್ತಾನೆ. ಬಡಿಸುವವನು ಮೂರನೆಯ ಸಲ ಕೇಳದೆ ಪಕ್ಕದ ಎಲೆಗೆ ಹೋಗುತ್ತಾನೆ. ಇಬ್ಬರ ಮುಖದಲ್ಲಿಯೂ ನಗುವಿರುತ್ತದೆ.